ತೂಕದ ಮಾತು

ಆಸ್ಪತ್ರೆಯ ತೂಕದ ಯಂತ್ರಕ್ಕೆ ಸಾಮಾನ್ಯವಾಗಿ ದೊರೆಯುವ ಸ್ಥಳ ಪಡಸಾಲೆ. ಸರದಿಗಾಗಿ ಕಾದು ಕುಳಿತ ಎಲ್ಲರ ಕಣ್ಣಿಗೂ ಬೀಳುವಂತೆ ಬಾಗಿಲ ಮಗ್ಗುಲಲ್ಲಿ ಅದನ್ನು ಇರಿಸಿರುತ್ತಾರೆ. ಐವತ್ತರ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು, ಸೆರಗು ಬಿಗಿಮಾಡಿಕೊಂಡು, ಅದರ ಮೇಲೆ ಹತ್ತಿ ನಿಲ್ಲುತ್ತಾಳೆ. ದಾದಿ ಬಾಗಿ ನೋಡಿ ಅಂಕಿಯನ್ನು ಗಟ್ಟಿಯಾಗಿ ಓದುತ್ತಾಳೆ: “ಎಂಬತ್ತೆರಡು!” ಬೆಂಚಿನ ಮೇಲಿದ್ದ ನಾಲ್ವರು ತಲೆಯೆತ್ತುತ್ತಾರೆ, ಅವರಲ್ಲಿ ಒಬ್ಬರಾದರೂ ಅವಳ ಊರಿನವರೇ ಆಗಿರುತ್ತಾರೆ. “ತೂಕ ಜಾಸ್ತಿಯಾಯ್ತಮ್ಮ. ಊಟ ಕಡಿಮೆ ಮಾಡಿ, ವಾಕಿಂಗ್ ಮಾಡಿ” ಎನ್ನುತ್ತ ದಾದಿ ಚೀಟಿಯನ್ನು ಕೈಗಿಟ್ಟು ಮುಂದಿನವರನ್ನು ಕರೆಯುತ್ತಾಳೆ. ಸಲಹೆಯೆಂಬುದು ಮುಗಿಯಿತು. ಅದಕ್ಕೆ ಹಿಡಿದ ಕಾಲ ಅರ್ಧ ನಿಮಿಷ.

ಮುಂದಿನ ತಿಂಗಳು ಆ ಹೆಂಗಸು ಬರುವುದಿಲ್ಲ. ರಕ್ತದೊತ್ತಡದ ಮಾತ್ರೆಗಾಗಿ ಮಗನನ್ನು ಕಳುಹಿಸುತ್ತಾಳೆ. ಅದರ ಮುಂದಿನ ತಿಂಗಳು ಮಗನಿಗೆ ಬಿಡುವಿರುವುದಿಲ್ಲ. ಮಾತ್ರೆ ನಿಂತುಹೋಗುತ್ತದೆ. ಅರ್ಧ ನಿಮಿಷದ ಮಾತಿನಿಂದ ತೂಕವಂತೂ ಇಳಿಯಲಿಲ್ಲ. ಇದ್ದ ಚಿಕಿತ್ಸೆಯೂ ತಪ್ಪಿತು. ಸ್ಥೂಲಕಾಯದ ರೋಗಿಗೆ ದಾದಿ ಹೇಳುವ ಹಿತವಚನವನ್ನು ಕುರಿತು ವಿಚಾರಮಾಡುವವರು ಮೊದಲು ನೆನೆಯಬೇಕಾದದ್ದು ಈ ನಷ್ಟವನ್ನು.

ಇಂಥ ಹೆಂಗಸು ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರ ಇರುವಳೆಂದು ನಗರದ ಓದುಗರು ಭಾವಿಸಿದರೆ ಅದು ಹಳೆಯ ಭಾವನೆ. ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯ ಯಾವ ಹಳ್ಳಿಯಲ್ಲಿಯಾದರೂ ಆಕೆ ಸಿಕ್ಕಾಳು. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆದ ಈ ಸೀಮೆ ರಾಗಿಗೆ, ರೇಷ್ಮೆಗೆ, ಬಂಡೆಗಲ್ಲಿನ ಬೆಟ್ಟಗಳಿಗೆ ಹೆಸರಾದದ್ದು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹುಳು ಸಾಕುವವರ ಮೈಯಲ್ಲಿ ಬೊಜ್ಜು ಎಲ್ಲಿಂದ ಬಂದೀತೆಂದು ಕೇಳುವವರಿದ್ದಾರೆ. ಬಂದಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಗಂಡಸರ ಪಾಲೂ ಹೆಚ್ಚುಕಡಿಮೆ ಅಷ್ಟೇ. 2015–16ರ ಸಮೀಕ್ಷೆಯಲ್ಲಿ ಹೆಂಗಸರ ಈ ಸಂಖ್ಯೆ ಸುಮಾರು 23 ಇದ್ದಿತು. ಹಳ್ಳಿಯ ಪಾಲು ನಗರದ್ದಕ್ಕಿಂತ ಕಡಿಮೆಯೆಂಬುದು ನಿಜ, ಅಲ್ಪವಂತೂ ಅಲ್ಲ.

ದುಡಿಮೆ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ದುಡಿಮೆಯ ರೂಪ ಬದಲಾಯಿತು. ಬಾವಿಯ ಜಾಗಕ್ಕೆ ನಲ್ಲಿ ಬಂದಿತು, ಬೀಸುವ ಕಲ್ಲು ಮೂಲೆ ಸೇರಿತು, ಗದ್ದೆಯ ಬದುವಿನವರೆಗೂ ದ್ವಿಚಕ್ರ ವಾಹನ ಹೋಗುತ್ತದೆ. ಬೆಳಗ್ಗೆ ಬಸ್ಸು ಹತ್ತಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕುಳಿತು ಬೆನ್ನು ಮುರಿಯುವಂತೆ ದುಡಿಯುತ್ತಾಳೆ; ಆದರೆ ಆ ದುಡಿಮೆಯಲ್ಲಿ ಕಾಲಿಗೆ ಕೆಲಸವಿಲ್ಲ. ಇನ್ನೊಂದು ಕಡೆ, ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಎಣ್ಣೆಯೂ ಸಕ್ಕರೆಯೂ ದಿನಸಿಯ ನಿತ್ಯದ ಸಾಮಾನುಗಳಾದವು. ಮೈ ತುಂಬಿಕೊಳ್ಳುವುದನ್ನು ಸೌಖ್ಯದ ಲಕ್ಷಣವೆಂದು ತಲೆತಲಾಂತರದಿಂದ ನಂಬಿದ ಜನ ಇದನ್ನು ಕಾಯಿಲೆಯೆಂದು ಎಣಿಸಲಿಲ್ಲ. ಹಸಿವನ್ನು ಕಂಡ ಅಜ್ಜಿಗೆ ಮೊಮ್ಮಗನ ಉಬ್ಬಿದ ಕೆನ್ನೆಗಿಂತ ಹೆಚ್ಚಿನ ಸಂತೋಷ ಯಾವುದಿದ್ದೀತು? ಆಕೆಯನ್ನು ಆಕ್ಷೇಪಿಸುವುದು ಸಲ್ಲದು.

ಅಳತೆಯ ವಿಷಯವನ್ನೂ ಇಲ್ಲಿ ಹೇಳಿಬಿಡಬಹುದು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಸೂಚಿಯನ್ನು 19ನೆಯ ಶತಮಾನದಲ್ಲಿ ರೂಪಿಸಿದವನು ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞ. ಅವನಿಗೆ ಬೇಕಾಗಿದ್ದುದು ಜನಸಮೂಹದ ಸರಾಸರಿಯೇ ಹೊರತು ಒಬ್ಬ ರೋಗಿಯ ಜಾತಕವಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು ಅದಕ್ಕೆ ಈಗಿನ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರನ್ನು ಕೊಟ್ಟರು. ಲೋಕಕ್ಕೆಲ್ಲ 25 ದಾಟಿದರೆ ಅಧಿಕ ತೂಕವೆಂದು ಲೆಕ್ಕ. ಭಾರತೀಯರಿಗಾದರೋ 23ಕ್ಕೇ ಎಚ್ಚರಿಕೆ ಬೇಕೆಂದು ನಮ್ಮ ವೈದ್ಯರು ಹೇಳುತ್ತಾರೆ. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಶೇಖರವಾಗುವುದು ಹೆಚ್ಚು, ಸಕ್ಕರೆ ಕಾಯಿಲೆ ಬೇಗನೆ ಬರುವುದೂ ಹೆಚ್ಚು. ಆದುದರಿಂದಲೇ ಯಂತ್ರಕ್ಕಿಂತ ಟೇಪಿನ ಸಾಕ್ಷ್ಯಕ್ಕೆ ಬೆಲೆ. ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂಟಿಮೀಟರನ್ನು, ಗಂಡಸರಲ್ಲಿ 90 ಸೆಂಟಿಮೀಟರನ್ನು ಮೀರಬಾರದು. ಸರ್ಕಾರದ ತಪಾಸಣೆಯಲ್ಲಿ ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರಿಗಾಗಿ ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ ವಯಸ್ಸು, ಹೊಗೆಸೊಪ್ಪು, ಮದ್ಯ, ವ್ಯಾಯಾಮ, ಮನೆತನದ ಕಾಯಿಲೆ ಇವುಗಳ ಜೊತೆಗೆ ಈ ಸುತ್ತಳತೆಗೂ ಅಂಕವುಂಟು. ಒಟ್ಟು ಅಂಕ ನಾಲ್ಕನ್ನು ಮೀರಿದವರನ್ನು ಮೊದಲು ಪರೀಕ್ಷಿಸಬೇಕು.

ಪರೀಕ್ಷಿಸಿದ ಮೇಲೆ ಮಾತನಾಡುವವರು ಯಾರು? ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಬಯಲುಸೀಮೆಯಲ್ಲಿ 30,000 ಜನರೆಂದು ಸರ್ಕಾರದ ಲೆಕ್ಕಾಚಾರ. ವೈದ್ಯರಿಗೆ ಒಬ್ಬೊಬ್ಬ ರೋಗಿಗೆ ಕೊಡಲು ಸಿಗುವುದು ಕೆಲವೇ ನಿಮಿಷ. ಮಾತು ದಾದಿಯ ಪಾಲಿಗೆ ಬರುತ್ತದೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡಲು ತೊಡಗಿದಾಗ ‘ಸಮುದಾಯ ಆರೋಗ್ಯ ಅಧಿಕಾರಿ’ ಎಂಬ ಹೊಸ ಹುದ್ದೆ ಹುಟ್ಟಿತು. ಈ ಹುದ್ದೆಯಲ್ಲಿರುವವರಲ್ಲಿ ಬಹುಮಂದಿ ನರ್ಸಿಂಗ್ ಓದಿದವರೇ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೂ ಜೀವನಕ್ರಮದ ಸಲಹೆಯೂ ಅವರ ಕರ್ತವ್ಯಗಳಲ್ಲಿ ಸೇರಿವೆ. 2023ರಿಂದ ಆ ಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೆಸರು. ಜನ ಮಾತ್ರ ಅಧಿಕಾರಿಯೆನ್ನುವುದಿಲ್ಲ, “ಸಿಸ್ಟರ್” ಎನ್ನುತ್ತಾರೆ. ಹುದ್ದೆಯ ಹೆಸರಿಗಿಂತ ಈ ಸಂಬೋಧನೆಯಲ್ಲಿಯೇ ಹೆಚ್ಚು ಬಲವಿದೆ.

ರಾಮನಗರಕ್ಕೆ ಇದು ತೀರ ಹೊಸದೂ ಅಲ್ಲ. ಊರು ಇನ್ನೂ ಕ್ಲೋಸ್‌ಪೇಟೆಯೆಂಬ ಹೆಸರನ್ನು ಹೊತ್ತಿದ್ದ 1930ರ ದಶಕದಲ್ಲಿಯೇ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿ ಗ್ರಾಮಾಂತರ ಆರೋಗ್ಯ ತರಬೇತಿಯ ಕೇಂದ್ರವನ್ನು ನಡೆಸಿತು. ಅಂದಿನ ಶತ್ರುಗಳು ಮಲೇರಿಯ, ಕೊಕ್ಕೆಹುಳು, ಬಾಣಂತಿಯರ ಸಾವು. ಮನೆಯ ಬಾಗಿಲಿಗೆ ಹೋಗಿ ಮಾತನಾಡಿದಲ್ಲದೆ ರೋಗ ತೊಲಗದೆಂಬ ತಿಳಿವಳಿಕೆ ಮಾತ್ರ ಅಂದೂ ಇದ್ದಿತು.

ದಾದಿಯ ಮಾತಿಗೆ ಫಲವುಂಟೆಂಬುದು ಬರಿಯ ಸದಾಶಯವಲ್ಲ. ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ದೇಹತೂಕದಲ್ಲಿ ನೂರಕ್ಕೆ ಏಳರಷ್ಟನ್ನು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿಯನ್ನಿಟ್ಟು, ಸಲಹೆಗಾರರು ಮತ್ತೆ ಮತ್ತೆ ಭೇಟಿಯಾಗಿ ಬೆಂಬಲಿಸಿದರು. ಕಾಯಿಲೆ ತಗಲುವ ಪ್ರಮಾಣ ನೂರಕ್ಕೆ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ಸೇವಿಸಿದವರಲ್ಲಿ ತಗ್ಗಿದ್ದು 31. ನೆರೆಯ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಸಲಹೆಯಿಂದಲೇ ಅಪಾಯ ಸುಮಾರು 28ರಷ್ಟು ಇಳಿಯಿತು. ದಾದಿಯರ ದೃಷ್ಟಿಯಿಂದ ಇನ್ನೂ ಸ್ವಾರಸ್ಯವಾದದ್ದು 2017ರಲ್ಲಿ ಬ್ರಿಟನ್ನಿನಿಂದ ವರದಿಯಾದ ಪ್ರಯೋಗ. ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡ್ ಪ್ರದೇಶಗಳ ಸಾಧಾರಣ ಚಿಕಿತ್ಸಾಲಯಗಳಲ್ಲಿ ಪಥ್ಯತಜ್ಞರೋ, ತರಬೇತಿ ಪಡೆದ ದಾದಿಯರೋ ಸಕ್ಕರೆ ಕಾಯಿಲೆಯ ಸ್ಥೂಲ ರೋಗಿಗಳ ತೂಕವನ್ನು ಕಟ್ಟುನಿಟ್ಟಾದ ಆಹಾರಕ್ರಮದಿಂದ ಇಳಿಸಿದರು. ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 46 ಮಂದಿ ಔಷಧಿಯಿಲ್ಲದೆಯೇ ಕಾಯಿಲೆಯ ಮಿತಿಯಿಂದ ಹೊರಗಿದ್ದರು; ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ ಹಾಗಾದವರು ನಾಲ್ವರು.

ಈ ಪ್ರಯೋಗಗಳಲ್ಲಿ ಯಾವುದರಲ್ಲಿಯೂ ಫಲ ಅರ್ಧ ನಿಮಿಷದಲ್ಲಿ ಬರಲಿಲ್ಲ. ಬಂದದ್ದು ಮರಳಿ ಮರಳಿ ಆದ ಭೇಟಿಯಿಂದ. ಹಾಗಾದರೆ ರೋಗಿ ಮರಳಿ ಬರುವಂತೆ ಮಾತನಾಡುವುದೇ ದಾದಿಯ ವಿದ್ಯೆಯ ಮೊದಲ ಪಾಠವಾಯಿತು.

ಆ ವಿದ್ಯೆಗೆ ಶಾಸ್ತ್ರವೂ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತದ ಚಟವಿದ್ದವರ ಚಿಕಿತ್ಸೆಯ ಅನುಭವದಿಂದ 1983ರಲ್ಲಿ ಒಂದು ಸಂಭಾಷಣಾ ಕ್ರಮವನ್ನು ವಿವರಿಸಿದ. ಅದರ ತಿರುಳು ಸರಳವಾದದ್ದು: ಬದಲಾಗಬೇಕೆಂಬ ಕಾರಣಗಳನ್ನು ಚಿಕಿತ್ಸಕ ಹೇಳಬಾರದು, ರೋಗಿಯ ಬಾಯಿಂದಲೇ ಬರಿಸಬೇಕು. ಹೊರಗಿನಿಂದ ಒತ್ತಿದಷ್ಟೂ ಒಳಗಿನಿಂದ ಪ್ರತಿರೋಧ. ಸೊಸೆಗೆ ಬುದ್ಧಿ ಹೇಳಿ ಸೋತ ಯಾವ ಅತ್ತೆಯಾದರೂ ಇದಕ್ಕೆ ಸಾಕ್ಷಿ ನುಡಿದಾಳು!

ಈ ಕ್ರಮ ನಮ್ಮ ನೆಲದಲ್ಲಿ ಹೇಗಿದ್ದೀತು? ಪಡಸಾಲೆಯ ಆ ಹೆಂಗಸನ್ನೇ ಒಳಕೋಣೆಯಲ್ಲಿ ಕುಳ್ಳಿರಿಸಿದರೆಂದು ಊಹಿಸೋಣ.

“ಅಮ್ಮಾ, ನಿಮ್ಮ ತೂಕದ ವಿಚಾರ ಎರಡು ಮಾತಾಡಬಹುದಾ?”

“ಅದೇನೋ ಆಡಿ ಸಿಸ್ಟರೇ. ಎಲ್ಲಾರೂ ಆಡೋದೇಯ. ನಾನು ತಿನ್ನಾದೇ ಕಮ್ಮಿ, ಆದ್ರೂ ಮೈ ಇಳಿಯಾಕಿಲ್ಲ.”

“ಏನು ತಿಂತೀರಿ ಅಂತ ನಾನು ಕೇಳಲ್ಲ. ಬೆಳಗ್ಗೆ ಎದ್ದಾಗಿಂದ ನಿಮ್ಮ ದಿನ ಹೆಂಗಿರುತ್ತೆ, ಅದನ್ನ ಹೇಳಿ.”

ಆಗ ದಿನ ಬಿಚ್ಚಿಕೊಳ್ಳುತ್ತದೆ. ನಸುಕಿಗೆ ಹಸು ಕರೆದು ಡೈರಿಗೆ ಹಾಲು ಹಾಕಿ ಬಂದರೆ ಒಂದು ಟೀ. ಸೊಪ್ಪು ಕೊಯ್ದು ಹುಳುವಿಗೆ ಹಾಕಿದ ಮೇಲೆ ಇನ್ನೊಂದು. ಆಳುಗಳು ಬಂದರೆ ಅವರ ಜೊತೆಗೊಂದು, ನೆಂಟರು ಬಂದರೆ ಅವರ ಮರ್ಯಾದೆಗೊಂದು, ಸಂಜೆಯದಂತೂ ತಪ್ಪದು. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಎಸೆಯಲು ಮನಸ್ಸು ಬಾರದೆ ತಾನೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅದನ್ನು ಊಟವೆಂದು ಅವಳು ಎಣಿಸಿಯೇ ಇಲ್ಲ. ಎಲ್ಲರಿಗೂ ಬಡಿಸಿ ತಾನು ಉಣ್ಣುವಾಗ ರಾತ್ರಿ ಹತ್ತು. “ತಿನ್ನಾದೇ ಕಮ್ಮಿ” ಎಂದದ್ದು ಸುಳ್ಳಲ್ಲ. ತಟ್ಟೆಗೆ ಬಡಿಸಿಕೊಂಡದ್ದು ಕಡಿಮೆಯೇ.

ಟೀಯ ಲೆಕ್ಕವನ್ನು ದಾದಿ ಅವಳಿಂದಲೇ ಹಾಕಿಸಬಹುದು. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚವೆಂದರೆ ಹತ್ತು ಚಮಚ ಸಕ್ಕರೆ. ತೂಕಕ್ಕೆ ಸುಮಾರು 50 ಗ್ರಾಂ, ಶಕ್ತಿಗೆ 200 ಕ್ಯಾಲೊರಿ. ಕ್ಯಾಲೊರಿಯ ಮಾತು ಅವಳಿಗೆ ಬೇಕಿಲ್ಲ. ತಿಂಗಳಿಗೆ ತನ್ನೊಬ್ಬಳ ಟೀಗೇ ಒಂದೂವರೆ ಕಿಲೋ ಸಕ್ಕರೆ ಸಲ್ಲುತ್ತದೆಂಬುದು ತಿಳಿದರೆ ಸಾಕು. ದಿನಸಿಯ ಚೀಟಿ ಬರೆಯುವವಳು ಅವಳೇ. “ಇದರಲ್ಲಿ ಯಾವುದನ್ನ ಬಿಡೋಕಾಗುತ್ತೆ ಅಮ್ಮ?” ಎಂದು ಕೇಳಿದರೆ ಉತ್ತರ ಅವಳಿಂದಲೇ ಬಂದೀತು: “ಟೀ ಬಿಡಾಕಾಗಾಕಿಲ್ಲ. ಒಂದೊಂದು ಚಮಚ ಬಿಡ್ತೀನಿ.” ಈ ಒಪ್ಪಂದ ಸಣ್ಣದು. ಆದರೆ ಮಾಡಿಕೊಂಡವಳು ಅವಳು.

ಎಣ್ಣೆಗೂ ಇದೇ ಉಪಾಯ. ಒಬ್ಬರಿಗೆ ದಿನಕ್ಕೆ 25ರಿಂದ 30 ಗ್ರಾಂ ಎಣ್ಣೆ ಸಾಕೆಂದು ಭಿತ್ತಿಪತ್ರ ಹೇಳುತ್ತದೆ. ಅಡಿಗೆಯವಳು ಗ್ರಾಂ ಎಲ್ಲಿ ಅಳೆಯಬೇಕು? ನಾಲ್ವರ ಸಂಸಾರಕ್ಕೆ ತಿಂಗಳಿಗೆ ಎಷ್ಟು ಪೊಟ್ಟಣ ತರುತ್ತೀರೆಂದು ಕೇಳಿದರೆ ಲೆಕ್ಕ ನೆಟ್ಟಗೆ ಮನೆಯೊಳಕ್ಕೆ ಇಳಿಯುತ್ತದೆ. ಮೂರೂವರೆ ಕಿಲೋ ಸಾಲುವ ಮನೆಗೆ ಆರು ಬರುತ್ತಿದ್ದರೆ ಒಂದು ಪೊಟ್ಟಣವನ್ನು ಕಡಿಮೆ ಮಾಡುವುದು ಇಡೀ ಮನೆಯ ನಿರ್ಧಾರವಾಗಬೇಕು. ನಮ್ಮ ಆರೋಗ್ಯ ಬೋಧೆಯ ಒಂದು ಕುಂದು ಇಲ್ಲಿಯೇ ಇದೆ: ಗಂಡಸಿಗೆ ಹೇಳಿದ ಪಥ್ಯವನ್ನು ಪಾಲಿಸಬೇಕಾದವಳು ಒಲೆಯ ಮುಂದಿದ್ದಾಳೆ, ಅವಳನ್ನು ಯಾರೂ ಕರೆದಿರುವುದಿಲ್ಲ, ಅತ್ತೆಗೆ ಹೇಳಿದ್ದನ್ನು ಸೊಸೆ ಕೇಳಿರುವುದಿಲ್ಲ.

ಇನ್ನು ಮುದ್ದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಾನೆಂಬ ಮಾತು ಬೆಟ್ಟಗಳೇ ತುಂಬಿದ ಈ ಸೀಮೆಯಲ್ಲಿ ಹೆಮ್ಮೆಯ ಮಾತು. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ನಡೆದ ವಿವಾದದಲ್ಲಿ ರಾಗಿಯನ್ನೇ ಗೆಲ್ಲಿಸಿದರು. ಸುಣ್ಣದ ಅಂಶದಲ್ಲಿಯೂ ನಾರಿನಲ್ಲಿಯೂ ಅಕ್ಕಿಗಿಂತ ರಾಗಿ ಬಹಳ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಕ್ತಿಯ ಲೆಕ್ಕದಲ್ಲಿ ಇವೆರಡಕ್ಕೂ ಅಷ್ಟೇನೂ ಅಂತರವಿಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ಬೆಟ್ಟ ಕೀಳುವ ಕೆಲಸವಿಲ್ಲದವನಿಗೆ ಬೆಟ್ಟ ಕೀಳುವವನ ಮುದ್ದೆ ಬೇಕಿಲ್ಲ. ಮುದ್ದೆಯ ಮೇಲೆ ಅನ್ನ, ಅನ್ನದ ಮೇಲೆ ಮತ್ತೊಂದಿಷ್ಟು ಅನ್ನವೆಂಬ ಕ್ರಮದಲ್ಲಿ ಎರಡನೆಯ ಅನ್ನ ಹೋಗಿ ಸೊಪ್ಪಿನ ಪಲ್ಯ ಬಂದರೆ, ಬಸ್ಸಾರಿನ ಕಾಳು ತಟ್ಟೆಯಲ್ಲಿ ಹೆಚ್ಚಿದರೆ, ಹಸಿವೂ ಕಾಡುವುದಿಲ್ಲ, ಊಟದ ಧರ್ಮವೂ ಕೆಡುವುದಿಲ್ಲ. ಹುರುಳಿ, ಅವರೆ, ಅಲಸಂದೆ, ಮಸ್ಸೊಪ್ಪು ಇವು ಅಂಗಳದ ಪಥ್ಯಗಳು. ಇವನ್ನು ಬಿಟ್ಟು, ಡಬ್ಬಿಯಲ್ಲಿ ಬರುವ ಪರದೇಶದ ಧಾನ್ಯವನ್ನು ಹೊಗಳುವ ಸಲಹೆ ಕೇಳುವವರ ಕಿವಿಗೂ ಹೊರಗಿನದು, ಕಿಸೆಗೂ ಹೊರಗಿನದು.

ನಡಿಗೆಯ ವಿಷಯ ಇದಕ್ಕಿಂತ ಸೂಕ್ಷ್ಮ. ದಿನವೆಲ್ಲ ನಿಂತು ದುಡಿದವಳಿಗೆ “ವಾಕಿಂಗ್ ಮಾಡಿ” ಎಂದರೆ ಅದು ಹಾಸ್ಯದಂತೆ ಕೇಳುತ್ತದೆ. ಕೆಲಸವಿಲ್ಲದೆ ರಸ್ತೆಯಲ್ಲಿ ನಡೆಯುವ ಹೆಂಗಸನ್ನು ಹಳ್ಳಿ ಪ್ರಶ್ನಿಸುತ್ತದೆ. ಮುಂಜಾವಿನಲ್ಲಿ ನಾಯಿಗಳು, ಸಂಜೆ ಕತ್ತಲೆ. ಉದ್ಯಾನವಿರುವ ಬಡಾವಣೆಯವರಿಗೆ ತೋರದ ಈ ಅಡಚಣೆಗಳನ್ನು ದಾದಿ ತಾನೇ ಮೊದಲು ಎತ್ತಿ ಆಡಿದರೆ ರೋಗಿಯ ಮುಖ ಅರಳುತ್ತದೆ. ಇಬ್ಬರು ಮೂವರು ಜೊತೆಗೂಡಿ ಡೈರಿಯವರೆಗೆ ಬಿರುಸಾಗಿ ನಡೆದುಹೋಗುವುದು, ಕಾರ್ಖಾನೆಯ ಬಸ್ಸಿಗೆ ಒಂದು ನಿಲ್ದಾಣ ಮುಂದೆ ಹೋಗಿ ಹತ್ತುವುದು ಇಂಥ ದಾರಿಗಳು ಆಗ ಅವರಿಬ್ಬರ ನಡುವೆಯೇ ಹೊಳೆಯುತ್ತವೆ. ಮಂಡಿನೋವಿದ್ದವಳಿಗಂತೂ ಮೊದಲು ನೋವಿಗೆ ಪರಿಹಾರ, ಆಮೇಲೆ ನಡಿಗೆ.

ತೂಕವೆಲ್ಲ ಬಾಯಿಚಪಲದ ಫಲವೆಂಬ ಎಣಿಕೆಯೂ ತಪ್ಪು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಸ್ಟಿರಾಯ್ಡ್ ಔಷಧಿ, ಕೆಲವು ಮನೋರೋಗದ ಮಾತ್ರೆಗಳು, ನಿದ್ರಾಭಂಗ, ಮುಟ್ಟು ನಿಲ್ಲುವ ಕಾಲ ಇವೆಲ್ಲಕ್ಕೂ ಅದರಲ್ಲಿ ಪಾಲುಂಟು. ಇದ್ದಕ್ಕಿದ್ದಂತೆ ಏರಿದ ತೂಕ, ಏದುಸಿರು, ನಿದ್ದೆಯಲ್ಲಿ ಉಸಿರು ಕಟ್ಟುವುದು ಕಂಡರೆ ಉಪದೇಶಕ್ಕೆ ಕೂಡದೆ ವೈದ್ಯರ ಬಳಿಗೆ ಕಳುಹಿಸುವುದೇ ದಾದಿಯ ಧರ್ಮ. 2025ರಲ್ಲಿ ತೂಕವಿಳಿಸುವ ಹೊಸ ಚುಚ್ಚುಮದ್ದುಗಳು ಭಾರತದ ಪೇಟೆಗೂ ಬಂದುವು. ಅವುಗಳ ಗುಣವನ್ನು ಅಲ್ಲಗಳೆಯಲಾಗದು, ಬೆಲೆಯನ್ನೂ ಮರೆಯಲಾಗದು. ಸೂಜಿಯನ್ನು ಬರೆದುಕೊಡುವವರು ವೈದ್ಯರಾದರೂ ವಾಂತಿ, ಅಜೀರ್ಣಗಳ ದೂರನ್ನು ಕೇಳಿ, ಊಟವನ್ನು ತಿದ್ದಲು ಅಲ್ಲಿಯೂ ದಾದಿಯೇ ಬೇಕು.

ಆ ದಾದಿಯ ಸಂಕಟವನ್ನೂ ಕೊಂಚ ನೋಡಬೇಕು. ಪಾಳಿಯ ಕೆಲಸ, ರಾತ್ರಿ ಜಾಗರಣೆ, ಹೊತ್ತಲ್ಲದ ಹೊತ್ತಿನ ಊಟ. ಅವಳ ಮೈ ಮಾತ್ರ ಹೇಗೆ ಮಾತು ಕೇಳೀತು? ಇಂಗ್ಲೆಂಡಿನಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲ್ಲಿನ ನಾಲ್ವರು ದಾದಿಯರಲ್ಲಿ ಒಬ್ಬಳು ಸ್ಥೂಲಕಾಯದವಳೆಂದು ಕಂಡಿತು. ತಾನೇ ದಪ್ಪಗಿರುವ ದಾದಿ ಈ ಮಾತನ್ನೆತ್ತಲು ನಾಚುತ್ತಾಳೆ. ತೆಳ್ಳಗಿರುವವಳು ಎತ್ತಿದರೆ ರೋಗಿ “ನಿಮಗೇನು ಗೊತ್ತು” ಎಂಬಂತೆ ನೋಡುತ್ತಾಳೆ. “ನನ್ನದೂ ಇದೇ ಪಾಡು ಅಮ್ಮ, ನಾನೂ ಸಕ್ಕರೆ ಕಡಿಮೆ ಮಾಡ್ತಿದ್ದೀನಿ” ಎಂದು ಮೊದಲಿನವಳು ಹೇಳಬಲ್ಲಳಾದರೆ ಅದೇ ಅವಳ ಬಲವಾದೀತು. ಇದರ ಮೇಲೆ ವಹಿಗಳ ಹೊರೆ. ಎಷ್ಟು ಮಂದಿಯ ಸೊಂಟವನ್ನು ಅಳೆದರೆಂಬುದನ್ನು ಎಣಿಸುವುದು ಸುಲಭ. ಎಷ್ಟು ಹೊತ್ತು ಕಿವಿಗೊಟ್ಟರೆಂಬುದನ್ನು ಎಣಿಸುವ ಅಂಕಣ ಯಾವ ವಹಿಯಲ್ಲಿ ಹಿಡಿಸೀತು? ಹತ್ತು ನಿಮಿಷ ಮಾತನಾಡೆಂದು ಅಪೇಕ್ಷಿಸುವವರು ಆ ಹತ್ತು ನಿಮಿಷವನ್ನು ಅವಳ ಹೊತ್ತಿನಿಂದ ಬಿಡಿಸಿಕೊಡಬೇಕು, ಮಾತಿನ ವಿದ್ಯೆಯನ್ನು ತರಬೇತಿಯಲ್ಲಿ ಕಲಿಸಬೇಕು. ಎರಡೂ ಅಗ್ಗದ ಕೆಲಸಗಳಲ್ಲ.

ನಗರದ ಮನೆಗಳಿಗೂ ಇದರಲ್ಲಿ ಒಂದು ಪಾಲುಂಟು. ಭಾನುವಾರ ಊರಿಗೆ ಹೋಗುವ ಮಗ ಅವ್ವನಿಗೆಂದು ಬೇಕರಿಯ ಡಬ್ಬಿಯನ್ನು ಒಯ್ಯುತ್ತಾನೆ, ಊಟಕ್ಕೆ ಕುಳಿತಾಗ, “ಅವ್ವಾ, ಎಷ್ಟು ದಪ್ಪ ಆಗಿದ್ದೀಯ!” ಎಂದು ನಗುತ್ತಾನೆ. ಸೋಮವಾರ ಸಿಸ್ಟರ್ ಆಡಬೇಕಾದ ಮಾತಿಗೆ ಈ ಎರಡೂ ಅಡ್ಡಿ. ಡಬ್ಬಿಯ ಬದಲು ಸೀಬೆಹಣ್ಣನ್ನು ಒಯ್ದು, ನಗುವ ಬದಲು ಅವಳೊಡನೆ ಒಂದು ದಿನ ಆರೋಗ್ಯ ಕೇಂದ್ರಕ್ಕೆ ಹೋಗಿಬಂದರೆ ಪ್ರಯೋಜನ ಹೆಚ್ಚು.

82 ಕಿಲೋ ತೂಗುವವಳಿಗೆ ಗುರಿ 55 ಅಲ್ಲ. ನೂರಕ್ಕೆ ಐದರಿಂದ ಏಳರಷ್ಟು, ಎಂದರೆ ನಾಲ್ಕರಿಂದ ಆರು ಕಿಲೋ ಇಳಿದರೂ ರಕ್ತದೊತ್ತಡಕ್ಕೆ, ಸಕ್ಕರೆಗೆ, ಮಂಡಿಗೆ ಗುಣ ಕಾಣತೊಡಗುತ್ತದೆ. ಆರು ತಿಂಗಳು ಹಿಡಿದರೂ ಹಿಡಿಯಲಿ. ನಡುವೆ ಒಂದೆರಡು ಸಲ ತೂಕ ಏರುತ್ತದೆ, ಹಬ್ಬಗಳಿವೆ, ಮದುವೆಗಳಿವೆ.

ತೂಕದ ಯಂತ್ರವನ್ನು ಪಡಸಾಲೆಯಿಂದ ಒಳಕೋಣೆಗೆ ಸರಿಸಲು ಯಾವ ಅನುದಾನವೂ ಬೇಕಿಲ್ಲ. ಹಾಗೆ ಸರಿಸಿದ ಕೋಣೆಯಲ್ಲಿ, ಒಂದು ತಿಂಗಳ ತರುವಾಯ, ಅದೇ ಹೆಂಗಸು ಚಪ್ಪಲಿ ಬಿಟ್ಟು ಹತ್ತಿ ನಿಂತಿದ್ದಾಳೆಂದು ಭಾವಿಸೋಣ. ದಾದಿ ಅಂಕಿಯನ್ನು ಓದದೆ ಸುಮ್ಮನೆ ಚೀಟಿಯಲ್ಲಿ ಬರೆಯುತ್ತಾಳೆ. ಈಗ ಕೇಳುವವಳು ಅವಳು.

“ಎಷ್ಟೈತೆ ಸಿಸ್ಟರೇ?”

“ಹೋದ ಸಲದಷ್ಟೇ ಇದೆ ಅಮ್ಮ. ಬಿ.ಪಿ. ಮಾತ್ರ ಚೆನ್ನಾಗಿ ಇಳಿದಿದೆ. ಮಾತ್ರೆ ಬಿಡದೆ ತಗೊಂಡಿದ್ದೀರಿ.”

“ಸಕ್ಕರೆ ಒಂದೊಂದೇ ಚಮಚ ಹಾಕ್ತಿವ್ನಿ. ಮಧ್ಯದಾಗೆ ಮದುವೆ ಬಂತು ನೋಡಿ. ಮುಂದಿನ ತಿಂಗಳು ಯಾವತ್ತು ಬರ್ಲಿ?”